ಅಳಿಸಿದ್ದು ನಟನೋ, ಯುದ್ಧವೋ?

ಸೂರತ್‌ನಲ್ಲಿ 1938ರಲ್ಲಿ ಹುಟ್ಟಿದ ಹರಿಹರ ಜರಿವಾಲಾ ಸಂಜೀವ್ ಕುಮಾರ್ ಎಂಬ ಹೆಸರಿನಲ್ಲಿ ಎರಡು ಸಲ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಗೆದ್ದರು. ಒಂದು ‘ದಸ್ತಕ್’ಗೆ (1970), ಇನ್ನೊಂದು ‘ಕೋಶಿಶ್’ಗೆ (1972). ಎರಡರಲ್ಲೂ ಅವರದು ನೋವುಂಡ ಮನುಷ್ಯನ ಪಾತ್ರ. ಜನ ಇಂದಿಗೂ ಬಿದ್ದು ಬಿದ್ದು ನಗುವ ‘ಪತಿ ಪತ್ನಿ ಔರ್ ವೋ’ (1978), ‘ಅಂಗೂರ್’ (1982) ಚಿತ್ರಗಳಿಗೆ ಆ ಗೌರವ ಸಿಗಲಿಲ್ಲ.

ಹಾಗೆಂದು ಅಲ್ಲಿ ಅಭಿನಯ ಹಗುರವೇ? ‘ಪತಿ ಪತ್ನಿ ಔರ್ ವೋ’ದ ರಂಜೀತ್ ತನ್ನ ಸೆಕ್ರೆಟರಿಯ ಮುಂದೆ ಕೂತು, ಗಟ್ಟಿಮುಟ್ಟಾಗಿರುವ ಹೆಂಡತಿಗೆ ವಾಸಿಯಾಗದ ಕಾಯಿಲೆ ಎಂದು ಕಥೆ ಕಟ್ಟುತ್ತಾನೆ. ಮುಖದಲ್ಲಿ ದುಃಖ ಇರಬೇಕು, ಅದು ಸುಳ್ಳೆಂದು ನಮಗೆ ಕಾಣಬೇಕು, ಸೆಕ್ರೆಟರಿಗೆ ಕಾಣಬಾರದು. ಸುಳ್ಳು ಫಲಿಸುತ್ತಿದೆ ಎಂಬ ಖುಷಿಯೂ ಕಣ್ಣಿನ ಮೂಲೆಯಲ್ಲಿ ಒಂದಿಷ್ಟು ಇಣುಕಬೇಕು. ದುಃಖ ಒಂದು ಗುಲಗಂಜಿ ಹೆಚ್ಚಾದರೆ ರಂಜೀತ್ ನೀಚನಾಗುತ್ತಾನೆ, ಕಡಿಮೆಯಾದರೆ ಆ ಹುಡುಗಿ ಪೆದ್ದಿಯಾಗುತ್ತಾಳೆ. ಸಂಜೀವ್ ಕುಮಾರ್ ಎರಡಕ್ಕೂ ಎಡೆಗೊಡುವುದಿಲ್ಲ.

ಹಾಸ್ಯನಟನಿಗಿಲ್ಲದ ಕೈಗಡ ಯುದ್ಧಚಿತ್ರದ ನಟನಿಗೆ ಸಿಗುತ್ತದೆ. ಸೈನಿಕನ ಬಗ್ಗೆ ನೋಡುಗರಲ್ಲಿ ಮೊದಲೇ ಇರುವ ಗೌರವ, ಸಾವಿನ ಭಯ, ದೇಶದ ಅಭಿಮಾನ ಎಲ್ಲವೂ ಆತ ಬಾಯಿ ತೆರೆಯುವ ಮೊದಲೇ ಅವನ ಜೇಬಿಗೆ ಬಿದ್ದಿರುತ್ತವೆ. ಕಣ್ಣೀರು ಬಂದಾಗ ಅದರಲ್ಲಿ ಅವನ ದುಡಿಮೆ ಎಷ್ಟು, ಸಾಲ ಎಷ್ಟು ಎಂದು ಲೆಕ್ಕ ಕೇಳುವವರು ವಿರಳ.

ಆ ಲೆಕ್ಕ ಕೇಳಲೇಬೇಕು ಎನ್ನುವುದಕ್ಕೆ ಸಂಜೀವ್ ಕುಮಾರ್ ಹುಟ್ಟಿದ ಗುಜರಾತಿನದೇ ಉದಾಹರಣೆಯಿದೆ. 1971ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಬಾಂಬುಗಳು ಭುಜ್ ವಿಮಾನನೆಲೆಯ ರನ್‌ವೇಯನ್ನು ಹಾಳುಗೆಡವಿದವು. ಪಕ್ಕದ ಮಾಧಾಪರ ಹಳ್ಳಿಯ ಸುಮಾರು 300 ಹೆಂಗಸರು 72 ಗಂಟೆಗಳಲ್ಲಿ ಅದನ್ನು ಸರಿಪಡಿಸಿದರು. ಸೈರನ್ ಕೂಗಿದರೆ ಓಡಿ ಅಡಗುವುದು, ಮತ್ತೆ ಬಂದು ಗುಂಡಿ ಮುಚ್ಚುವುದು, ಶತ್ರುವಿನ ಕಣ್ಣಿಗೆ ಬೀಳದಂತೆ ಮೇಲೆ ಸಗಣಿ ಸಾರಿಸುವುದು. ಇದಕ್ಕಿಂತ ಒಳ್ಳೆಯ ಚಿತ್ರಕಥೆ ಯಾರು ತಾನೇ ಬರೆದಾರು? ಆದರೆ 2021ರ ‘ಭುಜ್: ದಿ ಪ್ರೈಡ್ ಆಫ್ ಇಂಡಿಯಾ’ ಈ ಹೆಂಗಸರಿಗೆ ಕೊಟ್ಟದ್ದು ಅಷ್ಟಿಷ್ಟು ಜಾಗ. ಉಳಿದದ್ದನ್ನು ಗೂಢಚಾರಿಕೆ, ಹೊಡೆದಾಟ, ಗುಡುಗುವ ಸಂಭಾಷಣೆಗಳು ತಿಂದುಹಾಕಿದವು. ಘಟನೆ ದೊಡ್ಡದಾದ ಮಾತ್ರಕ್ಕೆ ಕಥನ ದೊಡ್ಡದಾಗಲಿಲ್ಲ.

ಈ ಸಾಲದ ಮಾತಿಗೊಂದು ಆಕ್ಷೇಪವಿದೆ: ಹಾಸ್ಯವೂ ಸಾಲದಲ್ಲೇ ಬದುಕುತ್ತದಲ್ಲ, ಭಾಷೆಯ ಸಾಲದಲ್ಲಿ? ನಿಜ. ವಡೋದರಾದ ಮಂಜಲ್‌ಪುರದಲ್ಲಿ ಹೊಸದಾಗಿ ಮನೆ ಮಾಡಿದ ಕನ್ನಡಿಗರಿಗೆ ‘ಛೆಲ್ಲೋ ದಿವಸ್’ (2015) ಎಂಬ ಗುಜರಾತಿ ಚಿತ್ರದ ಕಾಲೇಜು ಹುಡುಗರ ಕೀಟಲೆ ಅರ್ಥವಾಗುವಷ್ಟರಲ್ಲಿ ಥಿಯೇಟರ್ ನಕ್ಕು ಮುಗಿಸಿರುತ್ತದೆ. ಅದೇ ‘ಬಾರ್ಡರ್’ನ (1997) ಗುಂಡಿನ ಸದ್ದಿಗೆ ದುಭಾಷಿ ಬೇಡ. ಅನೇಕ ಭಾಷೆಗಳ ತೀರ್ಪುಗಾರರು ಒಟ್ಟಿಗೆ ಕೂತಾಗ ಪ್ರಶಸ್ತಿ ಯಾವ ಕಡೆಗೆ ವಾಲುತ್ತದೆ ಎನ್ನುವುದಕ್ಕೆ ಇದೂ ಒಂದು ಕಾರಣವಿರಬೇಕು. ಆದರೆ ಇದು ನೋಡುಗರ ಮಿತಿ, ನಟನ ಸೋಲಲ್ಲ.

ಕನ್ನಡಕ್ಕೆ ಬಂದರೆ 1990ನೇ ಇಸವಿ ಪರೀಕ್ಷೆಗೆಂದೇ ಒದಗಿಬಂದಂತಿದೆ. ಆ ವರ್ಷದ ‘ಮುತ್ತಿನ ಹಾರ’ ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಪಡೆಯಬೇಕಾದದ್ದೇ. ಎಸ್.ವಿ. ರಾಜೇಂದ್ರಸಿಂಗ್ ಬಾಬು ಅಲ್ಲಿ ಹೇಳಿದ್ದು ಒಂದು ದಾಂಪತ್ಯದ ಕಥೆ. ಕೊಡಗಿನ ಸೈನಿಕನಾದ ವಿಷ್ಣುವರ್ಧನ್ ಮತ್ತು ನರ್ಸ್ ಆದ ಸುಹಾಸಿನಿ ಮೊದಲು ಗಂಡಹೆಂಡತಿಯಾಗಿ ನಮಗೆ ಹತ್ತಿರವಾಗುತ್ತಾರೆ, ಅವರನ್ನು ಯುದ್ಧ ಮತ್ತೆ ಮತ್ತೆ ಅಗಲಿಸುತ್ತದೆ. ಅದೇ ವರ್ಷ ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ಯೂ ಬಂತು. ವಠಾರದಲ್ಲಿ ಹಾವು ಮುಂಗುಸಿಯಂತೆ ಕಚ್ಚಾಡುವ ಗಣೇಶ ಮತ್ತು ಆದಿಲಕ್ಷ್ಮಿ ಬೇರೆ ಹೆಸರುಗಳಲ್ಲಿ ಕಾಗದ ಬರೆದುಕೊಂಡು ಪ್ರೀತಿಸುತ್ತಿರುತ್ತಾರೆ, ಒಬ್ಬರಿಗೊಬ್ಬರು ಯಾರೆಂದೇ ಗೊತ್ತಿಲ್ಲದೆ. ಕಾಗದದ ಮೇಲಿನ ಮೃದು ಪ್ರೇಮಿಯೂ ವಠಾರದ ತಂಟೆಕೋರನೂ ಒಬ್ಬನೇ ಎಂದು ನಂಬಿಸುವ ಹೊಣೆ ಅನಂತನಾಗ್ ಅವರ ದನಿ ಮತ್ತು ಹುಬ್ಬಿನ ಮೇಲಿತ್ತು. ಅದನ್ನು ಜನ ‘ಮಜಾ ಇದೆ’ ಎಂದರು. ‘ಅಭಿನಯ’ ಎಂಬ ಮಾತನ್ನು ಮಾತ್ರ ಅಳುವ ಚಿತ್ರಗಳಿಗೆಂದು ಎತ್ತಿಟ್ಟರು.

ಹಾಲಿವುಡ್ಡಿನದೂ ಇದೇ ಹಾಡು. 1999ರ ಆಸ್ಕರ್‌ನಲ್ಲಿ ‘ಶೇಕ್ಸ್‌ಪಿಯರ್ ಇನ್ ಲವ್’ ಎಂಬ ಪ್ರೇಮಹಾಸ್ಯ ‘ಸೇವಿಂಗ್ ಪ್ರೈವೇಟ್ ರಯಾನ್’ ಎಂಬ ಯುದ್ಧಚಿತ್ರವನ್ನು ಹಿಂದಿಕ್ಕಿ ಅತ್ಯುತ್ತಮ ಚಿತ್ರವಾಯಿತು. ಅದು ಅನ್ಯಾಯ ಎಂಬ ಗೊಣಗಾಟ ಇನ್ನೂ ನಿಂತಿಲ್ಲ. ಟಾಮ್ ಹ್ಯಾಂಕ್ಸ್ 1998ರಲ್ಲಿ ‘ರಯಾನ್’ ಮತ್ತು ‘ಯೂವ್ ಗಾಟ್ ಮೇಲ್’ ಎರಡರಲ್ಲೂ ನಟಿಸಿದ್ದರು. ಒಂದರಲ್ಲಿ ನಡುಗುವ ಕೈಯನ್ನು ತನ್ನ ಸೈನಿಕರಿಂದ ಮರೆಮಾಚುವ ಕ್ಯಾಪ್ಟನ್. ಇನ್ನೊಂದರಲ್ಲಿ, ಎದುರು ಕೂತವಳೇ ತನ್ನ ಇಮೇಲ್ ಗೆಳತಿ ಎಂದು ತಿಳಿದೂ ತಿಳಿಯದಂತೆ ಕೆಫೆಯಲ್ಲಿ ಕೂರುವ ಅಂಗಡಿಕಾರ. ಅವಳು ಕಾಯುತ್ತಿರುವುದು ಇವನಿಗಾಗಿಯೇ, ಬೈಯುತ್ತಿರುವುದೂ ಇವನನ್ನೇ. ಆ ಮಾತು ನಾಟಿದಾಗ ಹ್ಯಾಂಕ್ಸ್ ಮುಖದ ನಗು ಸುಮ್ಮನೆ ಆರುತ್ತದೆ, ಎದ್ದು ಹೋಗುತ್ತಾನೆ. ಅಲ್ಲಿ ಫಿರಂಗಿಯಿಲ್ಲ, ಹೆಣಗಳಿಲ್ಲ; ಒಂದು ಮೇಜು, ಒಂದು ಪುಸ್ತಕ, ಒಂದು ಗುಲಾಬಿ ಅಷ್ಟೇ. ಎರಡೂ ಕಡೆ ಮಾಡಬೇಕಾದ ಕೆಲಸ ಒಂದೇ: ಬಚ್ಚಿಡುವುದು, ಬಚ್ಚಿಟ್ಟದ್ದನ್ನು ನಮಗೆ ಮಾತ್ರ ತೋರಿಸುವುದು. ಆಸ್ಕರ್‌ನ ಅತ್ಯುತ್ತಮ ನಟರ ಪಟ್ಟಿಗೆ ನಾಮನಿರ್ದೇಶನಗೊಂಡದ್ದು ಕ್ಯಾಪ್ಟನ್ ಮಾತ್ರ.