ಅನುಮಾನಕ್ಕೆ ಸಿಗದ ದೇವರು

ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಒಬ್ಬ ಕರ್ತೃ ಇರಲೇಬೇಕು ಎಂಬುದು ನ್ಯಾಯದರ್ಶನದ ಚಿಂತಕ ಉದಯನನ ವಾದ. ಇಂಥ ವಾದವನ್ನು ಒಪ್ಪದವರಲ್ಲಿ ಮೇಲುಕೋಟೆಯಲ್ಲಿ ನೆಲೆಸಿದ್ದ ಪರಮಭಕ್ತ ರಾಮಾನುಜರೂ ಇದ್ದಾರೆ. ನಾವು ಕಂಡ ಕುಂಬಾರರಿಗೆಲ್ಲ ಮೈಯಿದೆ, ದೊಡ್ಡ ಕಟ್ಟಡಕ್ಕೆ ಹಲವು ಕೈ ಬೇಕು; ಹಾಗಿರುವಾಗ ಜಗತ್ಕರ್ತೃ ಒಬ್ಬನೇ ಎಂದು ಅನುಮಾನದಿಂದ, ಎಂದರೆ ತರ್ಕದಿಂದ, ಹೇಳುವುದು ಹೇಗೆ? ರಾಮಾನುಜರ ಶ್ರೀಭಾಷ್ಯದ ನಿಲುವಿನಲ್ಲಿ ದೇವರಿಗೆ ಶಾಸ್ತ್ರವೊಂದೇ ಪ್ರಮಾಣ.

ಶಾಸ್ತ್ರವನ್ನಾದರೂ ಏಕೆ ನಂಬಬೇಕು? ಈ ಆಕ್ಷೇಪ ನ್ಯಾಯವಾದದ್ದೇ. ಸಾಕ್ಷ್ಯ ಸಾಲದೆ ನಂಬುವುದು ಯಾವಾಗಲೂ ತಪ್ಪು ಎಂದು 1877ರಲ್ಲಿ ಇಂಗ್ಲೆಂಡಿನ ಚಿಂತಕ ಕ್ಲಿಫರ್ಡ್ ವಾದಿಸಿದ. ಹಳೇ ಹಡಗು ಗಟ್ಟಿಯಿದೆಯೆಂದು ನಂಬಿ ಜನರನ್ನು ಹತ್ತಿಸಿ ಕಳಿಸಿದ ಮಾಲೀಕ ಅವನ ಉದಾಹರಣೆ. ಆದರೆ ಹಡಗನ್ನು ಪರೀಕ್ಷಿಸಬಹುದಿತ್ತು. ದೇವರ ವಿಷಯದಲ್ಲಿ ಆ ದಾರಿಯಿಲ್ಲ, ಸಾಕ್ಷ್ಯ ಸಿಗುವವರೆಗೆ ಬದುಕು ಕಾಯುವುದೂ ಇಲ್ಲ. ಹಾಗಾಗಿ ನಂಬಿ ಬಾಳುವುದು ಅವಿವೇಕವಲ್ಲವೆಂದೇ ನನ್ನ ಎಣಿಕೆ. ಆದರೆ ಅದೇ ನಂಬಿಕೆಯಿಂದ ಕಾಯಿಲೆಯ ಮಗುವಿಗೆ ಮದ್ದು ಬಿಡಿಸಿ ಹರಕೆಯನ್ನಷ್ಟೇ ಹೊತ್ತರೆ, ಅಲ್ಲಿ ಕ್ಲಿಫರ್ಡನ ಮಾತೇ ಸರಿ.