ಯಾವ ತಪ್ಪಿಗೆ ತಡೆಯಬೇಕು?

ಗುಡ್ಡಾಪುರದ ದಾನಮ್ಮದೇವಿ ಜಾತ್ರೆಗೆಂದು ಊರಿಗೆ ಬಂದಿದ್ದ ಹಳೆಯ ಶಿಷ್ಯನೊಬ್ಬ ನನ್ನನ್ನು ಕಾಣಲು ಮನೆಗೆ ಬಂದಿದ್ದ. ಪುಣೆಯಲ್ಲಿ ತಂತ್ರಾಂಶಗಳನ್ನು ಪರೀಕ್ಷಿಸುವುದು ಅವನ ಉದ್ಯೋಗ. ಆಸ್ಪತ್ರೆಗಳಿಗಾಗಿ ಅವರು ರೂಪಿಸಿದ ತಂತ್ರಾಂಶವೊಂದರ ಬಿಡುಗಡೆಗೆ ದಿನ ಗೊತ್ತಾಗಿತ್ತು. ಎರಡು ದೋಷಗಳು ಮಾತ್ರ ಉಳಿದಿದ್ದವು. ಒಂದು, ಮೊದಲ ಪುಟದಲ್ಲಿಯೇ ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದವು. ಇನ್ನೊಂದು, ಒಂದೇ ಹೆಸರಿನ ಇಬ್ಬರು ರೋಗಿಗಳಿದ್ದಾಗ ಒಬ್ಬನ ಔಷಧಿಯ ಪಟ್ಟಿ ಮತ್ತೊಬ್ಬನ ಪುಟದಲ್ಲಿ ತೆರೆದಿತ್ತು. ಅದು ಕಂಡದ್ದು ಒಮ್ಮೆ ಮಾತ್ರ.

“ಗುರುಗಳೇ, ಮೊದಲನೆಯದಕ್ಕಾಗಿ ದಿನ ಮುಂದೂಡಲು ಎಲ್ಲರೂ ಸಿದ್ಧರಿದ್ದಾರೆ. ಎರಡನೆಯದು ಅಪರೂಪ, ಆಮೇಲೆ ನೋಡೋಣ ಎನ್ನುತ್ತಾರೆ. ನಾನೇನು ಹೇಳಲಿ?” ಎಂದು ಕೇಳಿದ.

ನನಗೆ ನನ್ನದೇ ಒಂದು ತಪ್ಪು ನೆನಪಾಯಿತು. ಮುಖ್ಯಾಧ್ಯಾಪಕನಾಗಿದ್ದಾಗ ಒಂದು ವರ್ಷ ಶಾಲೆಯ ಸಮಾರಂಭದ ಆಮಂತ್ರಣ ಪತ್ರಿಕೆಯಲ್ಲಿ ಅತಿಥಿಗಳ ಹೆಸರು ತಪ್ಪಾಗಿ ಅಚ್ಚಾಗಿತ್ತು. ರಾತ್ರೋರಾತ್ರಿ ಎಲ್ಲವನ್ನೂ ಮತ್ತೆ ಅಚ್ಚು ಮಾಡಿಸಿದೆ. ಅದೇ ವರ್ಷ ಗಣಿತದ ಪ್ರಶ್ನೆಪತ್ರಿಕೆಯಲ್ಲಿ ಒಂದು ಅಂಕಿ ತಪ್ಪಿರುವುದು ಹಿಂದಿನ ಸಂಜೆ ತಿಳಿದಾಗ, “ನಾಳೆ ಬಾಯಿಮಾತಿನಲ್ಲಿ ತಿದ್ದಿಸಿದರಾಯಿತು” ಎಂದು ಬಿಟ್ಟೆ. ಆ ತಿದ್ದುಪಡಿ ಒಂದು ಕೋಣೆಗೆ ತಲುಪಲಿಲ್ಲ. ಅಲ್ಲಿದ್ದ ಜಾಣ ಹುಡುಗಿಯೊಬ್ಬಳು ಬಿಡಿಸಲಾಗದ ಆ ಲೆಕ್ಕದೊಡನೆ ಅರ್ಧ ಗಂಟೆ ಗುದ್ದಾಡಿ, ಬಲ್ಲ ಲೆಕ್ಕಗಳನ್ನೂ ಬಿಟ್ಟು ಎದ್ದಳು. ಆ ಲೆಕ್ಕದ ಅಂಕಗಳನ್ನು ಎಲ್ಲರಿಗೂ ಕೊಟ್ಟೆ. ಅವಳ ಅರ್ಧ ಗಂಟೆಯನ್ನು ಕೊಡಲಾಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನನಗಾಗಿಯೇ ಹುಟ್ಟಿದಂತಿತ್ತು.

ನಮಗೆ ಅವಮಾನ ತರುವ ತಪ್ಪಿಗೆ ನಾವು ಬೇಗ ತಡೆಯುತ್ತೇವೆ; ಕಾಣದ ಯಾರಿಗೋ ಹಾನಿ ಮಾಡುವ ತಪ್ಪನ್ನು ಅಪರೂಪವೆಂದು ದಾಟಿಸುತ್ತೇವೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ಮೊದಲ ಹಾರಾಟದಲ್ಲಿಯೇ, ಸುಮಾರು 40 ಸೆಕೆಂಡುಗಳಲ್ಲಿ ಸಿಡಿದುಹೋಯಿತು. ಏರಿಯಾನ್-4ರಿಂದ ತಂದ ತಂತ್ರಾಂಶದಲ್ಲಿ ಒಂದು ಸಂಖ್ಯೆ ತನಗಿಟ್ಟ ಸ್ಥಳದಲ್ಲಿ ಹಿಡಿಸದಷ್ಟು ದೊಡ್ಡದಾಗಿತ್ತು. ಹಳೆಯ ರಾಕೆಟ್ಟಿನಲ್ಲಿ ಹಾಗಾಗುವ ಸಂಭವವಿಲ್ಲವೆಂದು ಅದಕ್ಕೆ ಕಾವಲನ್ನೇ ಇಟ್ಟಿರಲಿಲ್ಲ.

ಇದಕ್ಕೆ ಎದುರಾಗಿ ನಮ್ಮವರದೇ ನಿದರ್ಶನವಿದೆ. 2019ರ ಜುಲೈ 15ರ ನಸುಕಿನಲ್ಲಿ ಚಂದ್ರಯಾನ-2ರ ಉಡಾವಣೆಗೆ 56 ನಿಮಿಷಗಳಿರುವಾಗ, ವಾಹಕದಲ್ಲಿ ದೋಷ ಕಂಡು ಇಸ್ರೋ ಎಣಿಕೆಯನ್ನು ನಿಲ್ಲಿಸಿತು. ಅದನ್ನು ನೋಡಲು ರಾಷ್ಟ್ರಪತಿಗಳೇ ಶ್ರೀಹರಿಕೋಟಾಕ್ಕೆ ಬಂದಿದ್ದರು, ದೇಶವೆಲ್ಲ ಕಾದಿತ್ತು. ಆ ಸಂಕೋಚವನ್ನು ನುಂಗಿಕೊಂಡು, ದೋಷ ಸರಿಪಡಿಸಿ, ಜುಲೈ 22ರಂದು ಹಾರಿಸಿದರು. ಮುಂದೆ ಸೆಪ್ಟೆಂಬರಿನಲ್ಲಿ ಲ್ಯಾಂಡರ್ ಚಂದ್ರನ ಮೇಲೆ ಸುರಕ್ಷಿತವಾಗಿ ಇಳಿಯಲಿಲ್ಲ, ನಿಜ. ಆದರೆ ಅಂದು ಹೋದ ಆರ್ಬಿಟರ್ 2023ರಲ್ಲಿ ಚಂದ್ರಯಾನ-3ರ ಲ್ಯಾಂಡರಿನೊಡನೆ ಸಂಪರ್ಕ ಸಾಧಿಸಿತು.

ಹಾಗೆಂದು ಪ್ರತಿಯೊಂದು ತಪ್ಪಿಗೂ ತಡೆಯುವುದು ವಿವೇಕವಲ್ಲ. ಕಾಗುಣಿತದ ತಪ್ಪಿಗಾಗಿ ಪಠ್ಯಪುಸ್ತಕವನ್ನು ತಡೆದರೆ ಜತ್ತ ತಾಲ್ಲೂಕಿನ ನಮ್ಮ ಕನ್ನಡ ಶಾಲೆಯ ಮಕ್ಕಳು ಜೂನ್ ತಿಂಗಳಲ್ಲಿ ಬರಿಗೈಯಲ್ಲಿ ಕೂಡಬೇಕು. ಆ ತಪ್ಪನ್ನು ಗುರುಗಳು ಪೆನ್ಸಿಲಿನಿಂದ ತಿದ್ದಿಸಬಲ್ಲರು. ವಿಳಂಬವೂ ಒಂದು ಹಾನಿಯೇ.

ಆದ್ದರಿಂದ ಶಿಷ್ಯನಿಗೆ ಹೇಳಿದೆ: “ತಪ್ಪು ಎಷ್ಟು ಸಲ ಕಂಡಿತೆಂದು ಮಾತ್ರ ಎಣಿಸಬೇಡ. ಅದರ ಫಲವನ್ನು ಯಾರು ಉಣ್ಣುತ್ತಾರೆ, ಉಂಡ ಮೇಲೆ ತಿದ್ದಲಾದೀತೇ ಎಂದು ಕೇಳು. ಆ ರೋಗಿ ನಿಮ್ಮ ಸಭೆಯಲ್ಲಿ ಇರುವುದಿಲ್ಲ. ಅವನ ಪರವಾಗಿ ನೀನು ಮಾತನಾಡು. ಹೇಳುವುದನ್ನು ಬರೆದುಕೊಡು.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೆಲಸಕ್ಕೆ ಕುತ್ತು ಬರಬಹುದು, ಗುರುಗಳೇ” ಎಂದ. ಬರಬಹುದೆಂದೇ ನಾನೂ ಹೇಳಿದೆ. ಆಮಂತ್ರಣ ಪತ್ರಿಕೆಯ ಕಥೆಯನ್ನು ಅವನಿಗೆ ಹೇಳಿದ್ದು ಆಗಲೇ.