ಹಾಸಿಗೆ ಯಾರ ಅಳತೆಯದು?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಎಲ್ಲರೂ ದುಡ್ಡಿನ ವಿಷಯಕ್ಕೆ ಬಳಸುತ್ತಾರೆ. ನನಗೆ ಮಾತ್ರ ಅದು ಚಿಕ್ಕಂದಿನಿಂದ ಅಕ್ಷರಶಃ ಅನ್ವಯಿಸಿದೆ. ನನ್ನ ಎತ್ತರ ಐದಡಿ ಹತ್ತಿಂಚು. ಸೊರಬದ ಕಡೆಯ ನಮ್ಮ ಹಳ್ಳಿಯಲ್ಲಿ ನನಗಿಟ್ಟಿದ್ದ ಅಡ್ಡಹೆಸರು ದೋಟಿ. ಹಣ್ಣು ಕೀಳುವಾಗ ದೋಟಿ ಎಲ್ಲರಿಗೂ ಬೇಕು. ಕೆಲಸ ಮುಗಿದ ಮೇಲೆ ಅದನ್ನು ಎಲ್ಲಿಡುವುದೆಂದು ಯಾರಿಗೂ ತಿಳಿಯುವುದಿಲ್ಲ.

ಮೊನ್ನೆ ಶಿಕಾರಿಪುರದ ಅಂಗಡಿಯೊಂದರಲ್ಲಿ ಕುರ್ತಾ ಹಾಕಿ ನೋಡುತ್ತಿದ್ದೆ. ತುಂಬುತೋಳು ಎಂದು ಬರೆದಿದ್ದ ತೋಳು ಮುಂಗೈಗಿಂತ ನಾಲ್ಕು ಬೆರಳು ಮೇಲೆಯೇ ನಿಂತಿತ್ತು. ಅಂಗಡಿಯ ಹುಡುಗಿ ಒಳ್ಳೆಯವಳು. "ಅಕ್ಕಾ, ತ್ರೀ ಫೋರ್ತ್ ಅಂತ ಹಾಕ್ಕೊಳ್ಳಿ, ಯಾರಿಗೂ ಗೊತ್ತಾಗಲ್ಲ" ಎಂದಳು. ಇನ್ನೊಂದು ಸೈಜು ದೊಡ್ಡದು ಕೊಟ್ಟಳು. ತೋಳು ಅರ್ಧ ಇಂಚು ಇಳಿಯಿತು, ಆದರೆ ಮೈಯಲ್ಲಿ ಇನ್ನೊಬ್ಬಳು ಸೇರಿಕೊಳ್ಳುವಷ್ಟು ಜಾಗವಾಯಿತು.

ಹೀಗೇಕಾಗುತ್ತದೆ ಎಂದು ಬಹಳ ವರ್ಷಗಳ ನಂತರ ನಮ್ಮ ಟೈಲರಮ್ಮನಿಂದ ತಿಳಿದುಕೊಂಡೆ. ಸಿದ್ಧ ಉಡುಪಿನವರು ಒಂದು ಮೂಲ ಅಳತೆಗೆ ನಕ್ಷೆ ಕತ್ತರಿಸಿ, ಅದನ್ನೇ ಹಿಗ್ಗಿಸಿ, ಕುಗ್ಗಿಸಿ ಉಳಿದ ಸೈಜುಗಳನ್ನು ಮಾಡುತ್ತಾರೆ. ಹಿಗ್ಗಿಸುವಾಗ ಎದೆ, ಸೊಂಟದ ಸುತ್ತಳತೆ ಹೆಚ್ಚುತ್ತದೆ. ಉದ್ದ ಅಷ್ಟಾಗಿ ಹೆಚ್ಚುವುದಿಲ್ಲ. ಅಂದರೆ ಆ ನಕ್ಷೆಯ ಪ್ರಕಾರ ಹೆಂಗಸು ಅಗಲಕ್ಕೆ ಬೆಳೆಯುತ್ತಾಳೆ, ಮೇಲಕ್ಕಲ್ಲ. ಉದ್ದದವಳಿಗೆ ತೊಂದರೆ ಅಂಚಿನಲ್ಲಿ ಮಾತ್ರ ಇರುವುದಿಲ್ಲ. ಸೊಂಟದ ಹೊಲಿಗೆ ಪಕ್ಕೆಲುಬಿನ ಮೇಲೆ ಕೂರುತ್ತದೆ, ಕಂಕುಳು ಬಿಗಿಯುತ್ತದೆ, ಪ್ಯಾಂಟಿನ ಮೊಣಕಾಲು ತೊಡೆಗೆ ಏರುತ್ತದೆ. ಕೆಳಗೆ ಒಂದು ಪಟ್ಟಿ ಕೊಟ್ಟು ಸರಿಮಾಡೋಣವೆಂದರೆ ಇಡೀ ಬಟ್ಟೆಯೇ ಮೇಲೆ ಜರುಗಿರುತ್ತದೆ. ಒಳಗೆ ಬಿಚ್ಚಿಕೊಳ್ಳಲು ಬಟ್ಟೆಯನ್ನೂ ಬಿಟ್ಟಿರುವುದಿಲ್ಲ. ಟೈಲರಮ್ಮ ಹುಡುಗಿಯರ ಲಂಗ ಹೊಲಿಯುವಾಗ ಎರಡಿಂಚು ಒಳಗೆ ಮಡಿಚಿಡುತ್ತಿದ್ದರು, ಮುಂದಿನ ವರ್ಷಕ್ಕೆಂದು. ಬಿಚ್ಚಿದಾಗ ಹಳೆಯ ಅಂಚಿನ ಗೆರೆ ಮಾಸದೆ ಕಾಣುತ್ತಿತ್ತು. ನನ್ನ ಶಾಲೆಯ ಲಂಗದಲ್ಲಿ ಅಂಥ ಮೂರು ಗೆರೆಗಳಿದ್ದವು.

ಸೀರೆ ಉಡಬಾರದೇ ಎನ್ನುವವರಿದ್ದಾರೆ. ಸೀರೆ ಐದೂವರೆ ಮೀಟರ್ ಉದ್ದವಿದ್ದರೂ ನನಗೆ ಬೇಕಾದದ್ದು ಪನ್ನ. ಅದು ಮಗ್ಗದ ಅಗಲ ದಾಟುವುದಿಲ್ಲ.

ಅಂಗಡಿಯವರನ್ನು ಬೈಯಲು ನನಗೆ ಮನಸ್ಸಿಲ್ಲ. ನಮ್ಮ ದೇಶದ ಹೆಂಗಸರ ಸರಾಸರಿ ಎತ್ತರ ಐದಡಿಯ ಆಸುಪಾಸು. ಶಿಕಾರಿಪುರದಂಥ ಊರಿನಲ್ಲಿ ನನ್ನಂಥ ನಾಲ್ಕು ಜನರಿಗಾಗಿ ಒಬ್ಬರು ಬಂಡವಾಳ ಹೂಡಿ, ಆ ಬಟ್ಟೆ ಎರಡು ದೀಪಾವಳಿ ದಾಟಿಯೂ ಗೂಟದಲ್ಲೇ ತೂಗುತ್ತಿದ್ದರೆ ನಷ್ಟ ಯಾರದು? ಬಹಳ ಜನರಿಗಾಗಿ ಮಾಡಿದ ವಸ್ತು ಎಲ್ಲರಿಗೂ ಆಗಬೇಕೆಂಬ ಕರಾರು ಎಲ್ಲಿಯೂ ಇಲ್ಲ. ಅಗ್ಗದ ಬಟ್ಟೆ, ಕಾಯದೆ ಸಿಗುವ ಬಟ್ಟೆ, ಯಾರಿಗೂ ಮೈ ಅಳೆಯಲು ಕೊಡದೆ ಕೊಳ್ಳಬಹುದಾದ ಬಟ್ಟೆ. ಇದು ನನ್ನ ತಂಗಿಗೆ, ಅತ್ತಿಗೆಗೆ ಎಷ್ಟು ಸ್ವಾತಂತ್ರ್ಯ ಕೊಟ್ಟಿದೆ ಎಂದು ಬಲ್ಲೆ. ಹಾಗಾದರೆ ನನ್ನದು ಬರೀ ದುರದೃಷ್ಟವೇ, ಅನ್ಯಾಯವಲ್ಲವೇ?

ಈ ಊರುಗಳಲ್ಲಿ ಕುಳಿತು ಬಟ್ಟೆಯ ಬಗ್ಗೆ ಯೋಚಿಸುವುದು ಸುಲಭವಲ್ಲ. ಬಟ್ಟೆಯನ್ನೇ ಬಿಟ್ಟು, ಕೂದಲನ್ನೇ ಹೊದಿಕೆ ಮಾಡಿಕೊಂಡು ನಡೆದ ಅಕ್ಕಮಹಾದೇವಿಯ ಉಡುತಡಿ ಶಿಕಾರಿಪುರ ತಾಲ್ಲೂಕಿನದು. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಗೆ ಬೆತ್ತಲೆ ಸೇವೆ ನಡೆಯುತ್ತಿತ್ತು. 1986ರ ಗಲಭೆಯ ನಂತರ ಸರ್ಕಾರ ಅದನ್ನು ನಿಷೇಧಿಸಿತು. ಒಂದು ಕಡೆ ಹೆಣ್ಣೊಬ್ಬಳು ತಾನೇ ತೀರ್ಮಾನಿಸಿದಳು, ಇನ್ನೊಂದು ಕಡೆ ಹರಕೆ ತೀರ್ಮಾನಿಸಿತು. ತೋಳು ಗಿಡ್ಡವಾಯಿತೆಂಬ ದೂರಿಗೆ ಅಕ್ಕನವರೆಗೆ ಹೋಗುವುದು ಅತಿಯಾಯಿತು, ಒಪ್ಪುತ್ತೇನೆ. ಆದರೂ ಹೆಣ್ಣಿನ ಮೈಮೇಲೆ ಏನಿರಬೇಕು, ಎಷ್ಟಿರಬೇಕು ಎಂದು ಅವಳನ್ನು ನೋಡುವ ಮೊದಲೇ ಗೊತ್ತುಮಾಡುವ ಕೈ ಯಾವುದು ಎಂಬ ಪ್ರಶ್ನೆ ಟ್ರಯಲ್ ರೂಮಿನಲ್ಲಿಯೂ ಇದೆ.

1950ರಲ್ಲಿ ಅಮೆರಿಕದ ವಾಯುಪಡೆಯವರು ನಾಲ್ಕು ಸಾವಿರಕ್ಕೂ ಹೆಚ್ಚು ಪೈಲಟ್‌ಗಳ ಮೈಯಳತೆ ತೆಗೆದಿದ್ದರು. ಸರಾಸರಿ ಪೈಲಟ್‌ಗೆಂದು ಮಾಡಿದ ವಿಮಾನದ ಆಸನ ಯಾಕೋ ಹೊಂದುತ್ತಿರಲಿಲ್ಲ. ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವಕ ಹತ್ತು ಅಳತೆಗಳನ್ನು ಹಿಡಿದು, ಹತ್ತರಲ್ಲಿಯೂ ಸರಾಸರಿಗೆ ಹತ್ತಿರ ಇರುವವರು ಎಷ್ಟು ಮಂದಿ ಎಂದು ಹುಡುಕಿದ. ಒಬ್ಬನೂ ಸಿಗಲಿಲ್ಲ. ಆ ಮೇಲೆ ಅವರು ಪೈಲಟ್‌ನನ್ನು ಬದಲಿಸದೆ, ಹಿಂದೆ ಮುಂದೆ ಸರಿಸಬಹುದಾದ ಆಸನ ಮಾಡಿಕೊಂಡರು. ನಮ್ಮಲ್ಲೂ ನಿಫ್ಟ್ ಸಂಸ್ಥೆ ಭಾರತೀಯರದೇ ಸೈಜುಪಟ್ಟಿ ಮಾಡಲು ಆರು ನಗರಗಳಲ್ಲಿ 25,000 ಜನರ ಮೈಯಳತೆ ತೆಗೆಯುವ ಯೋಜನೆ ಹಾಕಿಕೊಂಡಿತು. ಆ ಆರರಲ್ಲಿ ಬೆಂಗಳೂರಿದೆ. ಸೊರಬ ಇಲ್ಲ, ಇರಬೇಕೆಂದು ನಾನೂ ಹಠ ಹಿಡಿಯುವುದಿಲ್ಲ.

ಡೇನಿಯಲ್ಸ್‌ನ ಕತೆ ಓದಿದಾಗ ಅನ್ನಿಸಿದ್ದು ಇಷ್ಟು. ನನ್ನ ಅಳತೆಯ ಬಟ್ಟೆ ಇಲ್ಲದಿರುವುದು ಅನ್ಯಾಯವಲ್ಲ. "ನಿಮ್ಮ ಸೈಜು ನಮ್ಮಲ್ಲಿಲ್ಲ" ಎನ್ನುವುದು ಅಂಗಡಿಯ ಸುದ್ದಿ. "ನೀವು ತುಂಬ ಉದ್ದ ಆದಿರಿ" ಎಂದಾಗ ಅದು ನನ್ನ ಮೇಲಿನ ತೀರ್ಪು. ಎರಡರ ನಡುವೆ ಒಂದೇ ಒಂದು ವಾಕ್ಯದ ಅಂತರ, ಆದರೆ ಎರಡನೆಯದನ್ನು ಇಪ್ಪತ್ತು ವರ್ಷ ಕೇಳಿದವಳ ಬೆನ್ನು ಬಾಗುತ್ತದೆ. ಹೆಣ್ಣು ನೋಡಲು ಬಂದವರ ಮುಂದೆ ಅಮ್ಮ ನನ್ನನ್ನು ಕೂರಿಸಿಯೇ ಇಟ್ಟಿದ್ದರು, ನಿಲ್ಲಿಸಲಿಲ್ಲ.

ಇಷ್ಟೆಲ್ಲ ತಿಳಿದವಳು ನಾನು ಏನು ಮಾಡಿದೆ ಎಂಬುದನ್ನೂ ಹೇಳಬೇಕು. ನಾನು ಹೈಸ್ಕೂಲು ಟೀಚರು. ಆರು ವರ್ಷದ ಹಿಂದೆ ಶಾಲಾ ವಾರ್ಷಿಕೋತ್ಸವದ ಕೋಲಾಟಕ್ಕೆ ಹನ್ನೆರಡು ಲಂಗ ರವಿಕೆ ಬಾಡಿಗೆಗೆ ತರಿಸಿದ್ದೆ, ಎಲ್ಲ ಒಂದೇ ಅಳತೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎಲ್ಲರಿಗಿಂತ ಚೆನ್ನಾಗಿ ಕುಣಿಯುತ್ತಿದ್ದಳು, ಎಲ್ಲರಿಗಿಂತ ಉದ್ದವಿದ್ದಳು. ಲಂಗ ಅವಳ ಮೀನಖಂಡದ ಹತ್ತಿರವೇ ನಿಂತಿತು. ಸಂಜೆ ಆರಕ್ಕೆ ಕಾರ್ಯಕ್ರಮ, ಆಗಲೇ ನಾಲ್ಕು ದಾಟಿತ್ತು. "ನಿಂಗೆ ಆಗಲ್ಲ ಕಣೇ, ನೀನು ತುಂಬ ಉದ್ದ" ಎಂದೆ. ಆ ವಾಕ್ಯವನ್ನೇ.

ಅವಳು ಅಳಲಿಲ್ಲ. ಲಂಗದೊಳಗೆ ಮೊಣಕಾಲು ಸ್ವಲ್ಪ ಮಡಚಿ, ಅಂಚು ಪಾದ ಮುಟ್ಟುವಂತೆ ಮಾಡಿ, "ಹಿಂಗೆ ಕುಣೀತೀನಿ ಟೀಚರ್, ಆಗುತ್ತೆ" ಎಂದಳು. ಹನ್ನೊಂದು ಹುಡುಗಿಯರು ನಕ್ಕರು. ನಾನೂ ನಕ್ಕೆ. ಅವಳನ್ನು ಪರದೆ ಎಳೆಯುವ ಕೆಲಸಕ್ಕೆ ಹಾಕಿದೆ.

ಬಾಡಿಗೆಯವರಿಗೆ ಅಳತೆ ಕಳಿಸದಿದ್ದವಳು ನಾನು. ತಪ್ಪು ನನ್ನ ಕಾಗದದಲ್ಲಿತ್ತು. ಹೇಳಿದ್ದು ಅವಳ ಕಾಲಿಗೆ.

ಈ ವರ್ಷ ಬಟ್ಟೆ ಹೇಳುವ ಮೊದಲು ಟೇಪು ತೆಗೆದುಕೊಂಡು ತರಗತಿಗೆ ಹೋದೆ. ಒಬ್ಬೊಬ್ಬರನ್ನೇ ಗೋಡೆಗೆ ನಿಲ್ಲಿಸಿ ಸೊಂಟದಿಂದ ಪಾದದವರೆಗೆ ಅಳೆದು ಪುಸ್ತಕದಲ್ಲಿ ಬರೆದುಕೊಂಡೆ. ಹದಿನಾಲ್ಕು ಹುಡುಗಿಯರು, ಒಂಬತ್ತು ಅಳತೆ. ಬಾಡಿಗೆಯವನು ಫೋನಿನಲ್ಲಿ, "ಮೇಡಂ, ಇಷ್ಟೊಂದು ಥರ ಯಾರೂ ಕೇಳಲ್ಲ" ಎಂದ. ಸ್ವಲ್ಪ ಹೆಚ್ಚು ದುಡ್ಡಾಯಿತು. ಪರದೆ ಎಳೆದ ಹುಡುಗಿ ಈಗ ಎಲ್ಲಿದ್ದಾಳೆಂದು ಹಳೆಯ ಮಕ್ಕಳನ್ನು ಕೇಳಿದ್ದೇನೆ. ಶಿರಾಳಕೊಪ್ಪದ ಕಡೆ ಮದುವೆಯಾಗಿದೆ ಎಂದರು. ಸೊರಬಕ್ಕೆ ಹೋಗುವ ಬಸ್ಸು ಅಲ್ಲಿ ನಿಂತಾಗಲೆಲ್ಲ ಜನರ ನಡುವೆ ಎತ್ತರದ ತಲೆಯೊಂದನ್ನು ಹುಡುಕುತ್ತೇನೆ.